ಪ್ರಶ್ನೋತ್ತರ: ದೂರು ಕೊಟ್ಟರೂ ಹೋಸ್ಟ್ ಮಿಸುಕದಿದ್ದರೆ?

ಬರಹ, ಫೋಟೊ, ಪುಸ್ತಕ, ಪಾಠದ ವಿಡಿಯೊ ಕಳವಾಗಿ ಇನ್ಯಾರದೋ ಜಾಲತಾಣದಲ್ಲಿ ಕಾಣಿಸಿಕೊಂಡ ಬಗ್ಗೆ ಬಂದ ಪತ್ರಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತದೆ: ‘ಹೋಸ್ಟಿಂಗ್ ಕಂಪನಿಗೆ ಬರೆದೆ, ಅವರು ಕ್ಯಾರೇ ಅನ್ನಲಿಲ್ಲ.’ ಈ ಸಲದ ಅಂಕಣ ಪೂರ್ತಿ ಅದಕ್ಕೇ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿದ್ದೇವೆ; ಕೇಳಿದವರ ಹೆಸರು, ಊರು ಬಿಟ್ಟಿದ್ದೇವೆ.

ಪ್ರಶ್ನೆ: ನಾನು ಬರೆದ ಪುಸ್ತಕದ ಪಿಡಿಎಫ್ ಒಂದು ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತಿದೆ. ‘ಹೂ ಈಸ್’ (ಡೊಮೇನ್ ಹೆಸರುಗಳ ನೋಂದಣಿ ವಿವರ ತೋರಿಸುವ ಸೇವೆ) ಮೂಲಕ ಹುಡುಕಿದಾಗ ಒಂದು ಕಂಪನಿಯ ಹೆಸರು ಬಂತು. ಅವರಿಗೆ ಮೂರು ಸಲ ಮೇಲ್ ಮಾಡಿದರೂ ಉತ್ತರವಿಲ್ಲ. ಬೇಕೆಂದೇ ಕಡೆಗಣಿಸುತ್ತಿದ್ದಾರೆಯೆ?

ಉತ್ತರ: ನಿಮ್ಮ ದೂರು ಹೋಸ್ಟ್‌ಗೆ ಮುಟ್ಟಿಯೇ ಇಲ್ಲ ಅನ್ನಿಸುತ್ತದೆ. ಡೊಮೇನ್ ಹೆಸರನ್ನು ಹುಡುಕಿದರೆ ಸಿಗುವುದು ಆ ಹೆಸರನ್ನು ನೋಂದಾಯಿಸಿಕೊಟ್ಟ ರಿಜಿಸ್ಟ್ರಾರ್. ಹೋಸ್ಟ್, ಅಂದರೆ ಕಡತ ಕೂತಿರುವ ಸರ್ವರ್ ಬಾಡಿಗೆಗೆ ಕೊಟ್ಟವರು, ಬೇರೆ. ಓದುಗರಿಗೂ ಆ ಸರ್ವರಿಗೂ ನಡುವೆ ಮೂರನೆಯವರಾಗಿ, ಪುಟಗಳನ್ನು ಬೇಗ ತಲುಪಿಸಿಕೊಡುವ ಕ್ಲೌಡ್‌ಫ್ಲೇರ್‌ನಂಥ ಸಿಡಿಎನ್ ಜಾಲ ನಿಂತಿರಬಹುದು. ಮೂವರಿಗೂ ಬೇರೆ ಬೇರೆ ಹೊಣೆ, ಬೇರೆ ಬೇರೆ ವಿಳಾಸ.

ಹುಡುಕುವ ಕ್ರಮ ಹೀಗೆ. ಮೊದಲು ಕಡತ ನಿಜಕ್ಕೂ ಎಲ್ಲಿದೆ ನೋಡಿ. ಪುಟ ಒಂದು ತಾಣದಲ್ಲಿ, ‘ಡೌನ್‌ಲೋಡ್’ ಗುಂಡಿ ಕರೆದೊಯ್ಯುವುದು ಇನ್ನೊಂದು ಫೈಲ್ ಸಂಗ್ರಹಕ್ಕೆ ಎಂಬುದು ತೀರಾ ಸಾಮಾನ್ಯ. ಬ್ರೌಸರಿನ ಡೆವಲಪರ್ ಟೂಲ್ಸ್ ತೆರೆದು, ‘ನೆಟ್‌ವರ್ಕ್’ ಟ್ಯಾಬ್‌ನಲ್ಲಿ ಪಿಡಿಎಫ್ ಯಾವ ವಿಳಾಸದಿಂದ ಇಳಿಯುತ್ತಿದೆ ಎಂದು ಗುರುತು ಹಾಕಿಕೊಳ್ಳಿ. ಆ ಹೋಸ್ಟ್‌ಹೆಸರಿಗೆ ‘ಎನ್‌ಎಸ್‌ಲುಕಪ್’ ಅಥವಾ ‘ಡಿಗ್’ ಎಂಬ ಕಮಾಂಡ್ ಕೊಟ್ಟರೆ ಐಪಿ ವಿಳಾಸ, ಅಂದರೆ ಸರ್ವರಿನ ಅಂಕಿಗಳ ವಿಳಾಸ, ಸಿಗುತ್ತದೆ. ಈಗ ಹುಡುಕಬೇಕಾದದ್ದು ಡೊಮೇನನ್ನಲ್ಲ, ಆ ಐಪಿಯನ್ನು. ಐಪಿಗಳನ್ನು ಹಂಚುವ ಪ್ರಾದೇಶಿಕ ಸಂಸ್ಥೆಗಳು ಜಗತ್ತಿನಲ್ಲಿ ಐದೇ: ಆರಿನ್, ರೈಪ್ ಎನ್‌ಸಿಸಿ, ಏಪ್ನಿಕ್, ಲ್ಯಾಕ್ನಿಕ್, ಆಫ್ರಿನಿಕ್. ಅವುಗಳ ದಾಖಲೆಯಲ್ಲಿ ಆ ಐಪಿ ಯಾರ ಕೈಯಲ್ಲಿದೆ, ದುರ್ಬಳಕೆಯ ದೂರನ್ನು ಯಾವ ಮೇಲ್‌ಗೆ ಕಳಿಸಬೇಕು ಎಂಬುದು ಇರುತ್ತದೆ.

ಐಪಿ ಕ್ಲೌಡ್‌ಫ್ಲೇರ್‌ನದ್ದು ಎಂದು ಬಂದರೆ ಅದು ಬರೀ ಪರದೆ. ಅವರ ದೂರಿನ ಫಾರಂನಲ್ಲಿ ಕಾಪಿರೈಟ್ ವಿಭಾಗ ಆರಿಸಿ ತುಂಬಿದರೆ, ಹಿಂದಿರುವ ಹೋಸ್ಟ್‌ಗೆ ದೂರನ್ನು ದಾಟಿಸಿ, ಆ ಹೋಸ್ಟ್ ಯಾರೆಂದು ನಿಮಗೂ ತಿಳಿಸುತ್ತಾರೆ. ಕಡತವನ್ನು ಅವರೇ ತೆಗೆಯುವುದು ತಮ್ಮದೇ ಸಂಗ್ರಹದಲ್ಲಿ ಅದು ಇದ್ದಾಗ ಮಾತ್ರ. ಕೈಗೆ ಬಂದ ಹೋಸ್ಟ್ ಹೆಸರೇ ಇಲ್ಲಿ ನಿಮ್ಮ ಗಳಿಕೆ; ‘ಕ್ಲೌಡ್‌ಫ್ಲೇರ್ ಏನೂ ಮಾಡಲಿಲ್ಲ’ ಎಂದು ಅಲ್ಲಿಗೇ ಬಿಟ್ಟುಬಿಡುವವರು ಈ ಹೆಸರನ್ನು ಬಳಸಿಕೊಳ್ಳುವುದೇ ಇಲ್ಲ.

ಹೋಸ್ಟ್ ಅಮೆರಿಕದ ಕಂಪನಿಯಾದರೆ ಇನ್ನೂ ಒಂದು ಕಡೆ ನೋಡಬೇಕು. ಅಲ್ಲಿನ ಕಾಪಿರೈಟ್ ಕಚೇರಿ ‘ಗೊತ್ತುಪಡಿಸಿದ ಏಜೆಂಟ’ರ ಪಟ್ಟಿಯೊಂದನ್ನು ಆನ್‌ಲೈನ್‌ನಲ್ಲಿ ಇಟ್ಟಿದೆ. ಕಾನೂನಿನ ಬಲ ಬರುವುದು ಆ ಏಜೆಂಟರಿಗೆ ಕಳಿಸಿದ ನೋಟಿಸ್‌ಗೆ. ಮಾರಾಟ ವಿಭಾಗಕ್ಕೋ ಗ್ರಾಹಕ ಸೇವೆಗೋ ಕಳಿಸಿದ ಮೇಲ್‌ಗೆ ಅಷ್ಟು ಬಲವಿಲ್ಲ. ಈ ನೋಂದಣಿಯನ್ನು ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕು. ಅವಧಿ ಮುಗಿದಿದ್ದು ಕಂಡರೆ ಆ ಪುಟದ ಪ್ರತಿ ತೆಗೆದಿಡಿ: ಏಜೆಂಟರಿಲ್ಲದ ಹೋಸ್ಟ್‌ಗೆ ಕಾನೂನಿನ ರಕ್ಷಣೆಯೂ ಇಲ್ಲ. ಪತ್ರದಲ್ಲಿ ಅದೊಂದು ಸಾಲು ಬರೆದರೆ ಅವರ ವಕೀಲರ ಗಮನ ತಾನಾಗಿ ಇತ್ತ ತಿರುಗುತ್ತದೆ.

ಪ್ರಶ್ನೆ: ನನ್ನ ಎಲ್ಲ ಫೋಟೊಗಳನ್ನೂ ಕದ್ದಿದ್ದಾರೆ ಎಂದು ವಿವರವಾಗಿ ಎರಡು ಪುಟ ಬರೆದು, ಫೋಟೊಗಳನ್ನೂ ಲಗತ್ತಿಸಿ ಕಳಿಸಿದೆ. ‘ಅಪೂರ್ಣ’ ಎಂದಷ್ಟೇ ಉತ್ತರ ಬಂತು. ಎರಡನೇ ಮೇಲ್‌ಗೆ ಅದೂ ಇಲ್ಲ. ಏನು ಕೊರತೆ?

ಉತ್ತರ: ಕೊರತೆಗಿಂತ ಹೆಚ್ಚು ಬರೆದಿದ್ದೇ ತೊಂದರೆ. ದೊಡ್ಡ ಹೋಸ್ಟ್‌ಗಳಲ್ಲಿ ದೂರಿನ ಪೆಟ್ಟಿಗೆಯನ್ನು ಮೊದಲು ಓದುವುದು ತಂತ್ರಾಂಶ. ಅದು ಹುಡುಕುವುದು ಯುಆರ್‌ಎಲ್‌ಗಳನ್ನು ಮತ್ತು ಕೆಲವು ಗೊತ್ತಾದ ಹೇಳಿಕೆಗಳನ್ನು. ಲಗತ್ತುಗಳನ್ನು ಎಷ್ಟೋ ಕಡೆ ಸುರಕ್ಷತೆಗಾಗಿ ಬಾಗಿಲಲ್ಲೇ ಕಿತ್ತುಹಾಕುತ್ತಾರೆ. ಲಗತ್ತಿನೊಳಗೆ ಮಾತ್ರ ಬರೆದ ವಿಷಯ ಯಾರ ಕಣ್ಣಿಗೂ ಬೀಳುವುದಿಲ್ಲ.

ಅಮೆರಿಕದಲ್ಲಿ 1998ರಲ್ಲಿ ಬಂದ ಡಿಎಂಸಿಎ (ಡಿಜಿಟಲ್ ಮಿಲೆನಿಯಮ್ ಕಾಪಿರೈಟ್ ಆ್ಯಕ್ಟ್) ಕಾಯ್ದೆಯ 512ನೇ ಸೆಕ್ಷನ್ ಪ್ರಕಾರ ನೋಟಿಸ್‌ನಲ್ಲಿ ಆರು ಅಂಶ ಇರಬೇಕು. ನಿಮ್ಮ ಸಹಿ (ಹೆಸರು ಟೈಪ್ ಮಾಡಿದರೂ ನಡೆಯುತ್ತದೆ). ಯಾವ ಕೃತಿ ಕಳವಾಗಿದೆ ಎಂಬ ಗುರುತು. ಕಳವಿನ ಮಾಲು ಎಲ್ಲಿದೆ ಎಂದು ಹುಡುಕಲು ಸಾಕಾಗುವಷ್ಟು ವಿವರ. ನಿಮ್ಮನ್ನು ಸಂಪರ್ಕಿಸುವ ವಿಳಾಸ, ಫೋನು, ಮೇಲ್. ಈ ಬಳಕೆಗೆ ಹಕ್ಕುದಾರರ, ಅವರ ಪ್ರತಿನಿಧಿಯ ಅಥವಾ ಕಾನೂನಿನ ಒಪ್ಪಿಗೆ ಇಲ್ಲವೆಂದು ಸದ್ಭಾವನೆಯಿಂದ ನಂಬಿದ್ದೇನೆ ಎಂಬ ಹೇಳಿಕೆ. ಕೊನೆಯದು, ನೋಟಿಸ್‌ನ ಮಾಹಿತಿ ಸರಿಯಾಗಿದೆ, ಮತ್ತು ಸುಳ್ಳು ಪ್ರಮಾಣದ ಶಿಕ್ಷೆಗೆ ಒಳಪಟ್ಟು ಹೇಳುತ್ತೇನೆ, ಹಕ್ಕುದಾರರ ಪರವಾಗಿ ವರ್ತಿಸುವ ಅಧಿಕಾರ ನನಗಿದೆ ಎಂಬ ಹೇಳಿಕೆ. ಕಡೆಯ ಎರಡನ್ನು ಕಾಯ್ದೆಯ ಇಂಗ್ಲಿಷ್ ಪದಗಳಲ್ಲೇ ಇಡಿ. ಸ್ವಂತ ಮಾತಿನಲ್ಲಿ ಚೆಂದ ಮಾಡಿ ಬರೆದರೆ ತಂತ್ರಾಂಶಕ್ಕೆ ಗುರುತು ಸಿಗದೆ ‘ಅಪೂರ್ಣ’ ಎಂದು ಹಿಂದಕ್ಕೆ ಬರುತ್ತದೆ.

‘ನನ್ನ ಎಲ್ಲ ಫೋಟೊ’ ಎಂದರೆ ಯಾವುದೂ ಅಲ್ಲ. ಒಂದು ಸಾಲಿನಲ್ಲಿ ಅವರ ಯುಆರ್‌ಎಲ್, ಅದರ ಕೆಳಗೇ ನಿಮ್ಮ ಮೂಲದ ಯುಆರ್‌ಎಲ್, ಹೀಗೆ ಜೋಡಿ ಜೋಡಿಯಾಗಿ ಬರೆಯಿರಿ. ಫೋಟೊ ಆದರೆ ಪುಟದ ವಿಳಾಸವಷ್ಟೇ ಸಾಲದು, ಚಿತ್ರಕಡತದ ನೇರ ವಿಳಾಸವನ್ನೂ ಕೊಡಿ. ಪುಟ ಅಳಿಸಿದ ಮೇಲೂ ಚಿತ್ರ ಸರ್ವರ್‌ನಲ್ಲಿ ಉಳಿದುಬಿಡುವುದುಂಟು. ಕಿರುಕೊಂಡಿ ಬಳಸಬೇಡಿ. ವಿಷಯದ ಸಾಲಿನಲ್ಲಿ ಡೊಮೇನ್ ಮತ್ತು ಐಪಿ ಎರಡೂ ಇರಲಿ. ಕೋಪ, ಬೆದರಿಕೆ, ಕಳ್ಳರ ಗುಣವರ್ಣನೆ ಬೇಡ. ಇಡೀ ನೋಟಿಸ್ ಒಂದು ಪುಟ ದಾಟಬಾರದು. ಯುಆರ್‌ಎಲ್ ಪಟ್ಟಿ ಉದ್ದವಾದರೆ ಆಗಲಿ.

ಓದುಗರಿಗೆ ಅಷ್ಟಾಗಿ ತಿಳಿಯದ ಒಂದು ಅಂಶವೂ ಅದೇ ಸೆಕ್ಷನ್‌ನಲ್ಲಿದೆ. ಕೃತಿಯ ಗುರುತು, ಮಾಲಿನ ವಿಳಾಸ, ನಿಮ್ಮ ಸಂಪರ್ಕ ಈ ಮೂರು ಸರಿಯಿದ್ದು ಉಳಿದದ್ದು ತಪ್ಪಿದ್ದರೆ, ಸುಮ್ಮನೆ ಕಸದಬುಟ್ಟಿಗೆ ಹಾಕುವ ಹಾಗಿಲ್ಲ. ಹೋಸ್ಟ್ ನಿಮ್ಮನ್ನು ಸಂಪರ್ಕಿಸಲು ಪ್ರಯತ್ನಿಸಬೇಕು. ಹಾಗೆ ಮಾಡದಿದ್ದರೆ ‘ನಮಗೆ ಕಳವಿನ ವಿಷಯ ಗೊತ್ತೇ ಇರಲಿಲ್ಲ’ ಎಂಬ ಅವರ ಮುಂದಿನ ವಾದ ದುರ್ಬಲವಾಗುತ್ತದೆ.

ಹೋಸ್ಟ್ ಯುರೋಪಿಯನ್ ಒಕ್ಕೂಟದ ದೇಶದಲ್ಲಿದ್ದರೆ ಡಿಎಂಸಿಎ ಹೆಸರೆತ್ತುವುದೇ ಬೇಡ. ಅಲ್ಲಿ ಡಿಜಿಟಲ್ ಸರ್ವಿಸಸ್ ಆ್ಯಕ್ಟ್‌ನ 16ನೇ ವಿಧಿ ನಡೆಯುತ್ತದೆ. 2024ರ ಫೆಬ್ರುವರಿ 17ರಿಂದ ಸಣ್ಣ ಹೋಸ್ಟ್‌ಗಳಿಗೂ ಅದು ಅನ್ವಯ. ಏಕೆ ಕಾನೂನುಬಾಹಿರ ಎಂಬ ವಿವರಣೆ, ನಿಖರ ಯುಆರ್‌ಎಲ್, ಹೆಸರು ಮತ್ತು ಮೇಲ್, ಸದ್ಭಾವನೆಯ ಹೇಳಿಕೆ ಇಷ್ಟಿದ್ದರೆ ಸಾಕು. ದೂರು ತಲುಪಿದ್ದಕ್ಕೆ ಅವರು ಸ್ವೀಕೃತಿ ಕಳಿಸಬೇಕು, ಕೈಗೊಂಡ ತೀರ್ಮಾನವನ್ನೂ ತಿಳಿಸಬೇಕು. ಸ್ವೀಕೃತಿಯೇ ಬರದಿದ್ದರೆ ಅದೇ ಒಂದು ಲೋಪ. ಭಾರತದ ಹೋಸ್ಟ್‌ಗೆ 2013ರ ಕಾಪಿರೈಟ್ ನಿಯಮಗಳ 75ನೇ ನಿಯಮ: ದೂರು ಬಂದ 36 ಗಂಟೆಯೊಳಗೆ ಕ್ರಮ ಆಗಬೇಕು. ಆದರೆ ದೂರಿನಲ್ಲೇ ನೀವು ಮೊಕದ್ದಮೆ ಹೂಡಿ 21 ದಿನದೊಳಗೆ ನ್ಯಾಯಾಲಯದ ಆದೇಶ ತರುತ್ತೇನೆಂದು ಮುಚ್ಚಳಿಕೆ ಬರೆದುಕೊಡಬೇಕು. ಆದೇಶ ಬಾರದಿದ್ದರೆ ಮಾಲನ್ನು ಮತ್ತೆ ತೆರೆದಿಡಲು ಅವರಿಗೆ ಅವಕಾಶವಿದೆ. ಆ ಮುಚ್ಚಳಿಕೆ ಇಲ್ಲದ ದೂರು ಈ ನಿಯಮದ ಲೆಕ್ಕಕ್ಕೆ ದೂರೇ ಅಲ್ಲ.

ಪ್ರಶ್ನೆ: ರಿಜಿಸ್ಟ್ರಾರ್ ಡೊಮೇನನ್ನೇ ನಿಲ್ಲಿಸಬಹುದಲ್ಲ? ‘ಹೋಸ್ಟನ್ನು ಕೇಳಿ’ ಎಂದು ಕೈತೊಳೆದುಕೊಂಡರು.

ಉತ್ತರ: ನಿಲ್ಲಿಸಬಹುದು, ಆದರೆ ನಿಲ್ಲಿಸಲೇಬೇಕೆಂಬ ಕಟ್ಟಳೆ ಇಲ್ಲ. ಡೊಮೇನ್ ವ್ಯವಸ್ಥೆಯ ಮೇಲ್ವಿಚಾರಣೆ ನೋಡುವ ಐಕ್ಯಾನ್, 2024ರ ಏಪ್ರಿಲ್‌ನಿಂದ ರಿಜಿಸ್ಟ್ರಾರ್‌ಗಳ ಒಪ್ಪಂದವನ್ನು ಬಿಗಿ ಮಾಡಿದ್ದು ಫಿಶಿಂಗ್, ಮಾಲ್‌ವೇರ್, ಬಾಟ್‌ನೆಟ್ (ವಶಪಡಿಸಿಕೊಂಡ ಕಂಪ್ಯೂಟರುಗಳ ಜಾಲ), ಫಾರ್ಮಿಂಗ್ (ಬಳಕೆದಾರರನ್ನು ಅರಿವಿಲ್ಲದೆ ನಕಲಿ ತಾಣಕ್ಕೆ ತಿರುಗಿಸುವುದು) ಮತ್ತು ಇವುಗಳನ್ನು ಹೊತ್ತುತರುವ ಸ್ಪ್ಯಾಮ್‌ಗೆ. ಕಾಪಿರೈಟ್ ಆ ಪಟ್ಟಿಯಲ್ಲಿಲ್ಲ. ಹಾಗೆಂದು ಕಳ್ಳತಾಣದ ಮೇಲೆ ‘ಮಾಲ್‌ವೇರ್ ಇದೆ’ ಎಂದು ಸುಳ್ಳು ದೂರು ಕೊಡಬೇಡಿ. ನಿಜಕ್ಕೂ ಇದ್ದರೆ, ಎಷ್ಟೋ ಪುಕ್ಕಟೆ ಡೌನ್‌ಲೋಡ್ ತಾಣಗಳಲ್ಲಿ ಇರುತ್ತದೆ, ಸಾಕ್ಷಿಯ ಸಮೇತ ಬೇರೆಯದೇ ದೂರು ಕೊಡಿ. ಕಾಪಿರೈಟ್ ದೂರಿಗಿಂತ ಅದು ಬೇಗ ಕೆಲಸ ಮಾಡುತ್ತದೆ.

ಪ್ರಶ್ನೆ: ‘ಡಿಎಂಸಿಎ ಇಗ್ನೋರ್ಡ್’, ‘ಆಫ್‌ಶೋರ್ ಹೋಸ್ಟಿಂಗ್’ ಎಂದು ರಾಜಾರೋಷವಾಗಿ ಜಾಹೀರಾತು ಕೊಡುವ ಕಂಪನಿಗಳಿವೆ. ಅವರಿಗೆ ಯಾವ ಕಾನೂನೂ ತಾಗುವುದಿಲ್ಲವೆ?

ಉತ್ತರ: ತಾಗುತ್ತದೆ, ಆದರೆ ಜನ ತಿಳಿದುಕೊಂಡ ರೀತಿಯಲ್ಲಲ್ಲ. ಮೊದಲು ಒಂದು ತಪ್ಪುಕಲ್ಪನೆ ಬಿಡಬೇಕು. ಅಮೆರಿಕದಲ್ಲೂ ನೋಟಿಸನ್ನು ಕಡೆಗಣಿಸಿದ ಮಾತ್ರಕ್ಕೆ ಹೋಸ್ಟ್‌ಗೆ ದಂಡ ಬೀಳುವುದಿಲ್ಲ. ಡಿಎಂಸಿಎ ಕೊಡುವುದು ಒಂದು ರಕ್ಷಣೆ: ನೋಟಿಸ್ ಬಂದಾಗ ಬೇಗ ತೆಗೆದರೆ, ಪದೇ ಪದೇ ಕದಿಯುವ ಗ್ರಾಹಕರನ್ನು ಹೊರಹಾಕುವ ನೀತಿ ಪಾಲಿಸಿದರೆ, ಗ್ರಾಹಕರ ಕಳವಿಗಾಗಿ ಹೋಸ್ಟ್ ಮೇಲೆ ಪರಿಹಾರದ ಹೊರೆ ಬೀಳುವುದಿಲ್ಲ. ಕಡೆಗಣಿಸಿದರೆ ಆ ರಕ್ಷಣೆ ತಪ್ಪುತ್ತದೆ. ಅಲ್ಲಿಂದ ಮುಂದೆ ಯಾರಾದರೂ ಮೊಕದ್ದಮೆ ಹೂಡಿ ಗೆಲ್ಲಬೇಕು. ‘ಬೇಗ’ ಎಂದರೆ ಎಷ್ಟು ಗಂಟೆ ಎಂದೂ ಆ ಕಾಯ್ದೆ ಹೇಳಿಲ್ಲ.

ಅಮೆರಿಕದ ಹೊರಗಿನ ಹೋಸ್ಟ್‌ಗೆ ಆ ಕಾಯ್ದೆಯೇ ಇಲ್ಲ, ಹಾಗಾಗಿ ‘ಡಿಎಂಸಿಎ ಕಡೆಗಣಿಸುತ್ತೇವೆ’ ಎನ್ನುವುದು ಅಕ್ಷರಶಃ ಸುಳ್ಳಲ್ಲ. ಆದರೆ ಕಾಪಿರೈಟ್ ಇಲ್ಲದ ದೇಶ ಸಿಗುವುದು ಕಷ್ಟ. 1886ರ ಬರ್ನ್ ಒಪ್ಪಂದಕ್ಕೆ ಇಂದು 180ಕ್ಕೂ ಹೆಚ್ಚು ದೇಶಗಳು ಸೇರಿವೆ, ಮತ್ತು ಅದರಡಿ ನಿಮ್ಮ ಕೃತಿಗೆ ಅಲ್ಲೆಲ್ಲ ನೋಂದಣಿಯ ಹಂಗಿಲ್ಲದೆ ರಕ್ಷಣೆಯಿದೆ. ಇಂಥ ಹೋಸ್ಟ್‌ಗಳ ಷರತ್ತುಗಳ ಪುಟವನ್ನು ಕೊನೆಯವರೆಗೆ ಓದಿ. ‘ಸ್ಥಳೀಯ ನ್ಯಾಯಾಲಯದ ಆದೇಶ ಬಂದರೆ ಪಾಲಿಸುತ್ತೇವೆ’ ಎಂಬ ಸಾಲು ಎಲ್ಲೋ ಒಂದು ಕಡೆ ಇರುತ್ತದೆ. ಜಾಹೀರಾತಿನ ಬಲವೆಲ್ಲ ನೀವು ಅಲ್ಲಿಯವರೆಗೆ ಬರಲಾರಿರಿ ಎಂಬ ಲೆಕ್ಕಾಚಾರದಲ್ಲಿದೆ.

ಇನ್ನೊಂದು ಮಾತು. ಕಂಪನಿ ನೋಂದಣಿ ಯಾವುದೋ ದ್ವೀಪದಲ್ಲಿ ಇರಬಹುದು, ಸರ್ವರ್ ಇರುವುದು ಮಾತ್ರ ಯುರೋಪಿನ ಒಂದು ಮಾಮೂಲಿ ಡೇಟಾ ಸೆಂಟರಿನ ಬಾಡಿಗೆ ರ್‍ಯಾಕ್‌ನಲ್ಲಿ. ‘ಆಫ್‌ಶೋರ್’ ಎಂಬುದು ಬಿಲ್ಲಿನ ಮೇಲಿನ ವಿಳಾಸವಷ್ಟೇ. ದತ್ತಾಂಶ ಸಾಗುವ ದಾರಿಯನ್ನು ಹೆಜ್ಜೆಹೆಜ್ಜೆಯಾಗಿ ತೋರಿಸುವ ‘ಟ್ರೇಸ್‌ರೂಟ್’ ಕಮಾಂಡ್ ಓಡಿಸಿದರೆ ಕೊನೆಯ ಒಂದೆರಡು ಹೆಜ್ಜೆಗಳಲ್ಲಿ ನಗರದ ಸುಳಿವು ಕಾಣುವುದುಂಟು. ಇವರನ್ನೂ ‘ಬುಲೆಟ್‌ಪ್ರೂಫ್’ ಹೋಸ್ಟ್‌ಗಳನ್ನೂ ಒಂದೇ ಎಂದುಕೊಳ್ಳಬೇಡಿ. ಎರಡನೆಯವರು ಮಾಲ್‌ವೇರ್, ಮಾದಕವಸ್ತುಗಳ ಮಾರುಕಟ್ಟೆಯಂಥದ್ದಕ್ಕೂ ಜಾಗ ಕೊಡುವವರು. ಜರ್ಮನಿಯ ಟ್ರಾಬೆನ್-ಟ್ರಾರ್ಬಾಖ್‌ನ ಹಳೆಯ ಸೇನಾ ಬಂಕರಿನಲ್ಲಿದ್ದ ‘ಸೈಬರ್‌ಬಂಕರ್’ ಅಂಥದ್ದು. 2019ರ ಸೆಪ್ಟೆಂಬರಿನಲ್ಲಿ ಪೊಲೀಸರು ಅದರೊಳಕ್ಕೆ ನುಗ್ಗಿದರು. ಅಂಥವರ ಜೊತೆ ಪತ್ರವ್ಯವಹಾರವೇ ವ್ಯರ್ಥ. ನಿಮ್ಮ ಮನೆ ವಿಳಾಸವಂತೂ ಅವರ ಕೈಗೆ ಸಿಗಬಾರದು.

ಪ್ರಶ್ನೆ: ಸರಿಯಾದ ಹೋಸ್ಟ್, ಸರಿಯಾದ ನೋಟಿಸ್, ಸ್ವೀಕೃತಿಯೂ ಬಂತು. ಆದರೂ ತೆಗೆದಿಲ್ಲ. ಇನ್ನೇನು ದಾರಿ?

ಉತ್ತರ: ಈಗ ಗುರಿ ಬದಲಿಸಬೇಕು. ಕಡತವನ್ನು ಅಳಿಸಲಾಗದಿದ್ದರೆ, ಅದಕ್ಕೆ ಜನ ಬರುವ ದಾರಿಯನ್ನೂ ಅದರಿಂದ ದುಡ್ಡು ಬರುವ ದಾರಿಯನ್ನೂ ಮುಚ್ಚುವುದು. ನಮ್ಮ ಮಟ್ಟಿಗೆ ಇದು ಕೊನೆಯ ಉಪಾಯವಲ್ಲ, ಮೊದಲ ದಿನವೇ ಹೋಸ್ಟ್‌ಗೆ ಬರೆಯುವುದರ ಜೊತೆಗೇ ಶುರುವಾಗಬೇಕಾದ ಕೆಲಸ.

ಹುಡುಕು ಯಂತ್ರಗಳಿಂದ ಆರಂಭಿಸಿ. ಗೂಗಲ್, ಬಿಂಗ್ ಎರಡಕ್ಕೂ ಪ್ರತ್ಯೇಕ ಕಾಪಿರೈಟ್ ಫಾರಂಗಳಿವೆ. ಡಕ್‌ಡಕ್‌ಗೋದಂಥ ಕೆಲವು ಯಂತ್ರಗಳು ಬಹುಪಾಲು ಫಲಿತಾಂಶ ತರುವುದು ಬಿಂಗ್‌ನಿಂದ, ಆದ್ದರಿಂದ ಬಿಂಗನ್ನು ಮರೆಯಬೇಡಿ. ಮುಖಪುಟದ ವಿಳಾಸ ಕೊಟ್ಟರೆ ದೂರು ತಿರಸ್ಕಾರವಾಗುತ್ತದೆ. ಕಳವಿನ ಮಾಲಿರುವ ಪುಟಗಳನ್ನೇ ಕೊಡಬೇಕು. ವಿಭಾಗದ ಪುಟ, ಟ್ಯಾಗ್ ಪುಟ, ಮೊಬೈಲ್ ಆವೃತ್ತಿ ಬೇರೆ ಬೇರೆ ಯುಆರ್‌ಎಲ್ ಆಗಿದ್ದರೆ ಪ್ರತಿಯೊಂದನ್ನೂ ಸೇರಿಸಿ. ತಾಣದವರು ವಿಳಾಸ ಬದಲಿಸಿದರೆ ಹೊಸ ದೂರು ಬೇಕು. ಬೇಸರದ ಕೆಲಸವೇ, ಆದರೆ ಸುಮ್ಮನೆ ಹೋಗುವುದಿಲ್ಲ: ಒಂದು ತಾಣದ ಮೇಲೆ ಸಿಂಧುವಾದ ದೂರುಗಳು ಜಾಸ್ತಿಯಾದಂತೆ ಆ ಇಡೀ ತಾಣವನ್ನು ಫಲಿತಾಂಶದಲ್ಲಿ ಕೆಳಗಿಳಿಸುವ ಪದ್ಧತಿಯನ್ನು ಗೂಗಲ್ 2012ರಲ್ಲೇ ಆರಂಭಿಸಿದೆ. ಗೂಗಲ್‌ಗೆ ಹೋದ ದೂರಿನ ಪ್ರತಿ ‘ಲ್ಯೂಮೆನ್’ ಎಂಬ ಸಾರ್ವಜನಿಕ ಸಂಗ್ರಹಕ್ಕೂ ಹೋಗುತ್ತದೆ ಎಂಬುದು ಗೊತ್ತಿರಲಿ.

ಆಮೇಲೆ ಜಾಹೀರಾತು. ತಾಣದ ವಿಳಾಸದ ಮುಂದೆ ಓರೆಗೆರೆ ಹಾಕಿ ‘ಆಡ್ಸ್ ಡಾಟ್ ಟಿಎಕ್ಸ್‌ಟಿ’ ಎಂದು ಇಂಗ್ಲಿಷಿನಲ್ಲಿ ಟೈಪಿಸಿ ತೆರೆಯಿರಿ. ಆ ಕಡತ ಇದ್ದರೆ, ಆ ತಾಣದ ಜಾಹೀರಾತಿನ ಜಾಗವನ್ನು ಮಾರುವ ಜಾಲಗಳ ಹೆಸರೂ ಪ್ರತಿ ಜಾಲದಲ್ಲಿ ಅವರ ಖಾತೆ ಸಂಖ್ಯೆಯೂ ಸಾಲಾಗಿ ಕಾಣುತ್ತವೆ. ಆ ಖಾತೆ ಸಂಖ್ಯೆ ಹಾಕಿ ಜಾಹೀರಾತು ಜಾಲಕ್ಕೆ ದೂರು ಕೊಡಿ. ಹೋಸ್ಟ್‌ಗೆ ಆ ಗ್ರಾಹಕರಿಂದ ಬಾಡಿಗೆ ಬರುತ್ತದೆ, ಬಿಟ್ಟುಕೊಡಲು ಮನಸ್ಸಾಗದು. ಜಾಹೀರಾತು ಜಾಲಕ್ಕೆ ತನ್ನ ಜಾಹೀರಾತುದಾರರ ಭಯವಿದೆ, ಹಾಗಾಗಿ ಅಲ್ಲಿ ಕೆಲಸ ಬೇಗ ಆಗುತ್ತದೆ. ಆದಾಯ ನಿಂತ ಮೇಲೆ ಎಷ್ಟೋ ತಾಣದವರು ತಾವಾಗಿಯೇ ಕಳವಿನ ಮಾಲನ್ನು ತೆಗೆದು ‘ಈಗ ಸರಿಯಿದೆ’ ಎಂದು ಜಾಲಕ್ಕೆ ಬರೆಯುತ್ತಾರೆ.

ನಿಮ್ಮ ಕೃತಿಯನ್ನು ದುಡ್ಡಿಗೆ ಮಾರುತ್ತಿದ್ದರೆ ಪಾವತಿ ಪುಟದವರೆಗೆ ಹೋಗಿ, ದುಡ್ಡು ಕೊಡದೆ, ಕಾರ್ಡ್ ಚಿಹ್ನೆಗಳೂ ಪಾವತಿ ಕಂಪನಿಯ ಹೆಸರೂ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ. ವೀಸಾ, ಮಾಸ್ಟರ್‌ಕಾರ್ಡ್, ಪೇಪಾಲ್ ಮೂರಕ್ಕೂ ಬೌದ್ಧಿಕ ಆಸ್ತಿಯ ದೂರು ತೆಗೆದುಕೊಳ್ಳುವ ವಿಭಾಗಗಳಿವೆ.

ಕೊನೆಗೆ ಹೋಸ್ಟ್‌ನ ಮೇಲಿನವರು. ಇಲ್ಲಿ ಜನ ಒಂದು ವ್ಯತ್ಯಾಸ ಮರೆಯುತ್ತಾರೆ. ಸಣ್ಣ ಹೋಸ್ಟ್‌ಗೆ ಸರ್ವರನ್ನೋ ಐಪಿಗಳನ್ನೋ ಬಾಡಿಗೆ ಕೊಟ್ಟ ದೊಡ್ಡ ಕಂಪನಿ ಬೇರೆ, ಬರೀ ಇಂಟರ್ನೆಟ್ ದಟ್ಟಣೆ ಸಾಗಿಸುವ ಜಾಲ ಬೇರೆ. ಮೊದಲನೆಯವರನ್ನು ಐಪಿ ದಾಖಲೆಯಲ್ಲಿ ಒಂದು ಮೆಟ್ಟಿಲು ಮೇಲೆ ಹತ್ತಿ, ಅಂದರೆ ಆ ಐಪಿ ತುಂಡನ್ನು ಒಳಗೊಂಡ ದೊಡ್ಡ ತುಂಡಿನ ಒಡೆಯರು ಯಾರೆಂದು ನೋಡಿ ಕಂಡುಹಿಡಿಯಬಹುದು. ಅವರಿಗೆ ಬರೆಯುವಾಗ ಹಿಂದಿನ ನೋಟಿಸ್‌ಗಳ ದಿನಾಂಕ, ಹೋಸ್ಟ್ ಆ ದೂರಿಗೆ ಕೊಟ್ಟ ಟಿಕೆಟ್ ಸಂಖ್ಯೆ, ಮಾಲು ಇನ್ನೂ ಅಲ್ಲೇ ಇದೆ ಎಂಬುದರ ಇವತ್ತಿನ ಸ್ಕ್ರೀನ್‌ಶಾಟ್ ಕೊಡಿ. ಆ ಬಾಡಿಗೆದಾರರ ಮೇಲೆ ಮೊದಲೇ ದೂರುಗಳಿದ್ದರೆ ನಿಮ್ಮದು ಭಾರವಾಗುತ್ತದೆ. ಎರಡನೆಯವರು, ದಟ್ಟಣೆ ಸಾಗಿಸುವವರು, ಅಮೆರಿಕದಲ್ಲೂ ಯುರೋಪಿನಲ್ಲೂ ಬರೀ ಸಾಗಣೆದಾರರೆಂದೇ ಲೆಕ್ಕ. ನೋಟಿಸ್ ಬಂತೆಂದು ಒಂದು ಕಡತಕ್ಕಾಗಿ ಇಡೀ ಜಾಲ ಕತ್ತರಿಸಬೇಕೆಂಬ ಹೊಣೆ ಅವರಿಗಿಲ್ಲ, ಕತ್ತರಿಸುವುದೂ ಇಲ್ಲ. ಅವರಿಗೆ ಬರೆದು ಸಮಯ ಕಳೆಯಬೇಡಿ.

ಯುರೋಪಿನ ಹೋಸ್ಟ್ ಆಗಿದ್ದರೆ ಮತ್ತೊಂದು ಬಾಗಿಲಿದೆ. ಅಲ್ಲಿ ಪ್ರತಿ ಸದಸ್ಯ ದೇಶದಲ್ಲೂ ಡಿಜಿಟಲ್ ಸೇವಾ ಸಮನ್ವಯಾಧಿಕಾರಿ ಇದ್ದಾರೆ. ನೆದರ್ಲೆಂಡ್ಸ್‌ನಲ್ಲಿ ಆ ಕೆಲಸ ಎಸಿಎಂ ಎಂಬ ಗ್ರಾಹಕ ಮತ್ತು ಮಾರುಕಟ್ಟೆ ಪ್ರಾಧಿಕಾರದ್ದು. ಆ ಅಧಿಕಾರಿ ನಿಮ್ಮ ಕಡತವನ್ನು ತೆಗೆಸಿಕೊಡುವುದಿಲ್ಲ. ಹೋಸ್ಟ್ ದೂರು ಸ್ವೀಕರಿಸುವ ವ್ಯವಸ್ಥೆಯನ್ನೇ ಇಟ್ಟಿಲ್ಲ, ಉತ್ತರವನ್ನೇ ಕೊಡುತ್ತಿಲ್ಲ ಎಂಬ ಲೋಪವನ್ನು ವಿಚಾರಿಸಬಲ್ಲರು. ದೂರನ್ನು ಆ ಲೋಪದ ಮೇಲೆ ಬರೆಯಿರಿ, ಕಳವಿನ ಮೇಲಲ್ಲ.

ಪ್ರಶ್ನೆ: ನಾನು ಬರಹ ಹಾಕಿದ ನಿಮಿಷದಲ್ಲೇ ಇನ್ನೊಂದು ಡೊಮೇನ್‌ನಲ್ಲಿ ನನ್ನ ಇಡೀ ತಾಣ ಹಾಗೆಹಾಗೇ ಕಾಣುತ್ತದೆ. ಹೋಸ್ಟ್ ಯಾರೆಂದೇ ತಿಳಿಯುತ್ತಿಲ್ಲ.

ಉತ್ತರ: ಇದು ಪ್ರತಿ ಮಾಡಿಟ್ಟದ್ದಲ್ಲ. ಅವರ ಸರ್ವರ್ ಪ್ರತಿ ಸಲ ನಿಮ್ಮ ತಾಣದಿಂದಲೇ ಪುಟ ತರಿಸಿ, ಡೊಮೇನ್ ಹೆಸರು ಬದಲಿಸಿ ತೋರಿಸುತ್ತಿದೆ. ಇದರಲ್ಲಿ ನಿಮಗೊಂದು ಅನುಕೂಲವೂ ಇದೆ. ನಿಮ್ಮ ತಾಣದಲ್ಲಿ ಯಾರಿಗೂ ತಿಳಿಯದ ಹೆಸರಿನ ಒಂದು ಪುಟ ಮಾಡಿ. ಅದನ್ನು ತೆರೆದವರ ಐಪಿಯನ್ನು ಅದರಲ್ಲೇ ಅಚ್ಚುಮಾಡುವ ಒಂದೆರಡು ಸಾಲು ಪಿಎಚ್‌ಪಿ ಕೋಡ್ ಸಾಕು. ಈಗ ಅದೇ ಪುಟವನ್ನು ಕಳ್ಳ ಡೊಮೇನ್‌ನ ಮೂಲಕ ತೆರೆಯಿರಿ. ಪರದೆಯ ಮೇಲೆ ಕಾಣುವುದು ನಿಮ್ಮ ಐಪಿ ಅಲ್ಲ, ಪುಟ ತರಲು ಬಂದ ಅವರ ಸರ್ವರಿನದು. ಮುಂದೆ ಕ್ಲೌಡ್‌ಫ್ಲೇರ್ ಪರದೆ ಇದ್ದರೂ ಹಿಂದಿನ ಯಂತ್ರ ಹೀಗೆ ಬಯಲಾಗುತ್ತದೆ. ನಿಮ್ಮ ತಾಣವೂ ಸಿಡಿಎನ್ ಹಿಂದಿದ್ದರೆ ಸಾಮಾನ್ಯ ಐಪಿ ಕ್ಷೇತ್ರದಲ್ಲಿ ಸಿಡಿಎನ್ ವಿಳಾಸವೇ ಬರುತ್ತದೆ; ಭೇಟಿಗಾರರ ಮೂಲ ಐಪಿ ಹೊತ್ತ ಹೆಡರನ್ನು ಓದಬೇಕು.

ಸಿಕ್ಕ ಐಪಿಯ ದಾಖಲೆ ನೋಡಿ ಹೋಸ್ಟ್‌ಗೆ ದೂರು ಕೊಡಿ, ಜೊತೆಗೆ ಫೈರ್‌ವಾಲ್‌ನಲ್ಲಿ ಅದನ್ನು ತಡೆಯಿರಿ. ಆದರೆ ಈ ಕ್ರಮ ತಪ್ಪಬಾರದು: ಮೊದಲು ಸಾಕ್ಷಿ, ಆಮೇಲೆ ತಡೆ. ತಡೆದ ಕೂಡಲೇ ಅವರ ತಾಣ ಖಾಲಿಯಾಗುತ್ತದೆ, ಹೋಸ್ಟ್ ಪರಿಶೀಲಿಸಿದಾಗ ‘ಏನೂ ಇಲ್ಲವಲ್ಲ’ ಎಂದು ಟಿಕೆಟ್ ಮುಚ್ಚುತ್ತದೆ. ಅವರು ಐಪಿ ಬದಲಿಸುತ್ತಾ ಹೋದರೆ ಪ್ರತಿ ಪುಟದಲ್ಲೂ ಕ್ಯಾನಾನಿಕಲ್ ಕೊಂಡಿಯನ್ನು (ಮೂಲ ಪುಟ ಯಾವುದೆಂದು ಹುಡುಕು ಯಂತ್ರಗಳಿಗೆ ತಿಳಿಸುವ ಸಾಲು) ಪೂರ್ಣ ವಿಳಾಸದಲ್ಲಿ ಕೊಡಿ, ಮತ್ತು ಬ್ರೌಸರಿನ ವಿಳಾಸ ನಿಮ್ಮ ಡೊಮೇನ್ ಅಲ್ಲದಿದ್ದರೆ ಓದುಗರನ್ನು ನಿಮ್ಮಲ್ಲಿಗೆ ಕರೆತರುವ ಸಣ್ಣ ಜಾವಾಸ್ಕ್ರಿಪ್ಟ್ ಸೇರಿಸಿ. ಅದರಲ್ಲಿ ಡೊಮೇನ್ ಹೆಸರನ್ನು ನೇರವಾಗಿ ಬರೆದರೆ ಅವರ ಸರ್ವರ್ ಅದನ್ನೂ ಬದಲಿಸಿಬಿಡುತ್ತದೆ, ಅಕ್ಷರಗಳನ್ನು ಬೇರೆ ಸಂಕೇತಗಳಾಗಿ ಮಾರ್ಪಡಿಸುವ ಬೇಸ್-64 ರೂಪದಲ್ಲಿ ಬರೆಯಿರಿ.

ಫೋಟೊಗಳು ಮಾತ್ರ ನಿಮ್ಮ ಸರ್ವರಿನಿಂದಲೇ ಅವರ ಪುಟಕ್ಕೆ ಬರುತ್ತಿದ್ದರೆ ಕೆಲಸ ಇನ್ನೂ ಸುಲಭ. ರೆಫರರ್ (ಕೋರಿಕೆ ಯಾವ ಪುಟದಿಂದ ಬಂತೆಂಬ ಗುರುತು) ನೋಡಿ, ಅವರ ಡೊಮೇನ್‌ನಿಂದ ಬಂದ ಕೋರಿಕೆಗೆ ‘ಈ ಚಿತ್ರ ಕದ್ದದ್ದು’ ಎಂಬ ಚಿತ್ರ ಕಳಿಸಿದರಾಯಿತು.

ಪ್ರಶ್ನೆ: ಸಾಕ್ಷಿ ಎಂದರೆ ಸ್ಕ್ರೀನ್‌ಶಾಟ್ ಸಾಲದೆ?

ಉತ್ತರ: ಹೋಸ್ಟ್‌ಗೆ ಸಾಕು. ನ್ಯಾಯಾಲಯದ ಮಾತು ಬಂದರೆ ಸಾಲದು. ಇಡೀ ಪುಟವನ್ನು, ವಿಳಾಸ ಮತ್ತು ದಿನಾಂಕ ಕಾಣುವಂತೆ, ಪಿಡಿಎಫ್ ಮಾಡಿ. ಜಾಲಪುಟಗಳ ಪ್ರತಿ ಕಾಪಿಡುವ ‘ವೇಬ್ಯಾಕ್ ಮಷೀನ್’ ತಾಣದಲ್ಲಿ ಆ ಪುಟವನ್ನು ಉಳಿಸಿ, ಅದು ಮೂರನೆಯವರ ದಾಖಲೆ. ಕಳವಿನ ಕಡತವನ್ನು ಇಳಿಸಿಕೊಂಡು ಅದರ ಎಸ್‌ಎಚ್‌ಎ-256 ಹ್ಯಾಶ್ (ಕಡತದ ಬೆರಳಚ್ಚಿನಂಥ ಸಂಕೇತ) ಬರೆದಿಡಿ. ನಿಮ್ಮ ಕಡೆಯಿಂದ ಕ್ಯಾಮೆರಾದ ಕಚ್ಚಾ ಕಡತ, ಹಸ್ತಪ್ರತಿಯ ಹಳೆಯ ಆವೃತ್ತಿಗಳು. ಇದೆಲ್ಲ ನೋಟಿಸ್ ಕಳಿಸುವ ಮುಂಚೆಯೇ ಆಗಬೇಕು.

ಪ್ರಶ್ನೆ: ನೋಟಿಸ್ ಕೊಟ್ಟಮೇಲೆ ಕದ್ದವರೇ ‘ಇದು ನಮ್ಮದು’ ಎಂದು ಪ್ರತಿನೋಟಿಸ್ ಕೊಟ್ಟಿದ್ದಾರೆ. ನನ್ನ ವಿಳಾಸವೂ ಅವರಿಗೆ ಗೊತ್ತಾಗಿದೆ. ಭಯವಾಗುತ್ತಿದೆ.

ಉತ್ತರ: ನಿಮ್ಮ ನೋಟಿಸನ್ನು ಹೋಸ್ಟ್ ಗ್ರಾಹಕರಿಗೆ ದಾಟಿಸುವುದು ವಾಡಿಕೆ, ಅದರಲ್ಲಿರುವ ವಿಳಾಸವೂ ಹೋಗುತ್ತದೆ. ಮುಂದಿನ ಸಲ ಕಚೇರಿ, ಅಂಚೆ ಪೆಟ್ಟಿಗೆ, ಅಥವಾ ವಕೀಲರ ವಿಳಾಸ ಕೊಡಿ. ಲ್ಯೂಮೆನ್‌ನಲ್ಲಿ ಫೋನು, ಮೇಲ್ ಮರೆಮಾಡುತ್ತಾರೆ, ಹೆಸರು ಸಾಮಾನ್ಯವಾಗಿ ಉಳಿಯುತ್ತದೆ. ಬೆದರಿಕೆ ಬಂದಿದ್ದರೆ ಅದು ಪೊಲೀಸರ ವಿಷಯ, ಕಾಪಿರೈಟ್‌ನದ್ದಲ್ಲ.

ಪ್ರತಿನೋಟಿಸ್‌ಗೆ ಗಡಿಯಾರ ಓಡುತ್ತಿದೆ. ಅಮೆರಿಕದ ಕಾಯ್ದೆಯಂತೆ ಹೋಸ್ಟ್ 10ರಿಂದ 14 ಕೆಲಸದ ದಿನಗಳೊಳಗೆ ಮಾಲನ್ನು ಮತ್ತೆ ಹಾಕುತ್ತದೆ, ಅಷ್ಟರಲ್ಲಿ ನೀವು ಮೊಕದ್ದಮೆ ಹೂಡಿದ್ದೇನೆಂದು ತಿಳಿಸದಿದ್ದರೆ. ‘ಸುಳ್ಳು ಹೇಳುತ್ತಿದ್ದಾರೆ’ ಎಂದು ಮರುಪತ್ರ ಬರೆದರೆ ಗಡಿಯಾರ ನಿಲ್ಲುವುದಿಲ್ಲ. ಮೊದಲು ಪ್ರತಿನೋಟಿಸ್‌ನಲ್ಲಿ ಹೆಸರು, ವಿಳಾಸ, ಫೋನು ಮತ್ತು ಅಮೆರಿಕದ ಫೆಡರಲ್ ನ್ಯಾಯಾಲಯದ ವ್ಯಾಪ್ತಿಗೆ ಒಪ್ಪಿಗೆ ಇದೆಯೇ ನೋಡಿ. ಒಂದು ತಪ್ಪಿದ್ದರೂ ಅದು ಸಿಂಧುವಲ್ಲ ಎಂದು ಹೋಸ್ಟ್‌ಗೆ ತೋರಿಸಿಕೊಡಬಹುದು.

ಪ್ರಶ್ನೆ: ನನ್ನದು ಉಲ್ಟಾ ಕಥೆ. ಪೈಪೋಟಿಯವರು ನನ್ನ ಸ್ವಂತ ಬರಹಗಳ ಮೇಲೆ ಸುಳ್ಳು ನೋಟಿಸ್ ಕಳಿಸಿ ತಾಣ ಮುಚ್ಚಿಸುತ್ತಿದ್ದಾರೆ. ನೋಟಿಸ್‌ಗೆ ಜಗ್ಗದ ಹೋಸ್ಟ್‌ಗೆ ಹೋಗಿಬಿಡಲೆ?

ಉತ್ತರ: ಬೇಡ. ಅಂಥ ಹೋಸ್ಟ್‌ಗಳ ಐಪಿಗಳು ಸ್ಪ್ಯಾಮ್ ತಡೆಪಟ್ಟಿಗಳಲ್ಲಿ ಸಿಕ್ಕಿಬಿದ್ದಿರುವುದು ಮಾಮೂಲಿ; ನಿಮ್ಮ ತಾಣದ ಮೇಲ್‌ಗಳು ಯಾರಿಗೂ ತಲುಪವು. ಪಾವತಿ ಕ್ರಿಪ್ಟೊದಲ್ಲಿ, ವಾಪಸಾತಿಯ ಮಾತಿಲ್ಲ, ಒಂದು ದಿನ ಸರ್ವರ್ ಎತ್ತಿಕೊಂಡು ಹೋದರೆ ಕೇಳಲು ವಿಳಾಸವಿಲ್ಲ. ಸುಳ್ಳು ನೋಟಿಸ್‌ಗೆ ಮದ್ದು ಪ್ರತಿನೋಟಿಸ್, ಅದನ್ನು ಓದುವ ಹೋಸ್ಟ್. ಗೊತ್ತಿದ್ದೂ ಸುಳ್ಳು ನೋಟಿಸ್ ಕೊಟ್ಟವರಿಂದ ನಷ್ಟ ವಸೂಲಿ ಮಾಡಲು ಡಿಎಂಸಿಎ ಅವಕಾಶ ಕೊಟ್ಟಿದೆ. 2023ರ ನವೆಂಬರಿನಲ್ಲಿ ಗೂಗಲ್ ಕೂಡ ಪೈಪೋಟಿಯವರ ತಾಣಗಳ ಮೇಲೆ ರಾಶಿಗಟ್ಟಲೆ ಸುಳ್ಳು ದೂರು ಹಾಕಿದವರ ಮೇಲೆ ಮೊಕದ್ದಮೆ ಹೂಡಿತು. ನೋಟಿಸ್‌ಗಳನ್ನು ಲ್ಯೂಮೆನ್‌ನಲ್ಲಿ ಹುಡುಕಿ ಒಂದೇ ಹೆಸರಿನಿಂದ ಎಷ್ಟು ಬಂದಿವೆ ಎಂದು ಪಟ್ಟಿ ಮಾಡಿ, ಪ್ರತಿನೋಟಿಸ್ ಜೊತೆ ಕೊಡಿ.

ಪ್ರಶ್ನೆ: ಮೊಕದ್ದಮೆ ನಮ್ಮಂಥವರಿಗೆ ಆಗುವ ಮಾತೆ?

ಉತ್ತರ: ಪೂರ್ಣ ಮೊಕದ್ದಮೆ ಬಹುತೇಕರಿಗೆ ಲಾಭವಿಲ್ಲದ ಬಾಬತ್ತು. ಆದರೆ ಎರಡು ಸಣ್ಣ ದಾರಿಗಳಿವೆ, ಎರಡೂ ಅಮೆರಿಕದ ಕಂಪನಿ ನಡುವೆ ಇದ್ದಾಗ. ಒಂದು, 512ನೇ ಸೆಕ್ಷನ್‌ನ ಸಬ್‌ಪೀನಾ: ಕದ್ದವರ ಗುರುತು ಕೊಡಿ ಎಂದು ಹೋಸ್ಟ್‌ಗೆ ನ್ಯಾಯಾಲಯದ ಕಚೇರಿಯಿಂದ ಆಜ್ಞೆ ಕಳಿಸಬಹುದು. ಇದಕ್ಕೆ ನೀವು ಕೊಟ್ಟ ಸರಿಯಾದ ನೋಟಿಸ್‌ನ ಪ್ರತಿ ಬೇಕೇ ಬೇಕು. ಸಿಗುವ ಹೆಸರು ಸುಳ್ಳಿರಬಹುದು, ಪಾವತಿಯ ವಿವರ ಅಷ್ಟು ಸುಲಭವಾಗಿ ಸುಳ್ಳಾಗದು. ಎರಡು, 2022ರ ಜೂನ್‌ನಲ್ಲಿ ಶುರುವಾದ ಕಾಪಿರೈಟ್ ಕ್ಲೇಮ್ಸ್ ಬೋರ್ಡ್: 30,000 ಡಾಲರ್‌ವರೆಗಿನ ದಾವೆಗಳು, ವಕೀಲರಿಲ್ಲದೆ ನಡೆಸಬಹುದು. ಹೋಸ್ಟ್ ಮೇಲೂ ಹೋಗಬಹುದು, ನೋಟಿಸ್ ಕೊಟ್ಟರೂ ಬೇಗ ತೆಗೆಯಲಿಲ್ಲ ಎಂದು ದೃಢೀಕರಿಸಿದರೆ. ದೊಡ್ಡ ತೂತೆಂದರೆ ಎದುರಿನವರು 60 ದಿನದೊಳಗೆ ‘ನಾವು ಬರುವುದಿಲ್ಲ’ ಎಂದು ಹೊರನಡೆಯಬಹುದು, ಮತ್ತು ಅಮೆರಿಕದ ಹೊರಗಿನವರ ಮೇಲೆ ದಾವೆ ಹಾಕಲು ಬರುವುದಿಲ್ಲ.

ಪ್ರಶ್ನೆ: ‘ನೂರಕ್ಕೆ ನೂರು ತೆಗೆಸಿಕೊಡುತ್ತೇವೆ’ ಎನ್ನುವ ಸೇವೆಗಳಿಗೆ ದುಡ್ಡು ಕೊಡಬಹುದೆ? ಇಲ್ಲದಿದ್ದರೆ ಹೋಸ್ಟ್‌ಗಾಗಿ ಎಷ್ಟು ದಿನ ಕಾಯಬೇಕು?

ಉತ್ತರ: ಹಾಗೆ ಖಾತರಿ ಕೊಡುವವರಿಗೆ ಕೊಡಬೇಡಿ, ಅವರು ಕಳಿಸುವುದೂ ಇದೇ ನೋಟಿಸ್. ಅವರು ನಿಮ್ಮ ಹೆಸರಲ್ಲಿ ಸುಳ್ಳು ಹೇಳಿಕೆ ಕೊಟ್ಟರೆ ಸಿಕ್ಕಿಬೀಳುವವರು ನೀವು. ತಿಂಗಳಿಗೆ ನೂರಾರು ಯುಆರ್‌ಎಲ್ ಇರುವ ಪ್ರಕಾಶಕರಿಗೆ, ಕಳಿಸಿದ ಪ್ರತಿ ನೋಟಿಸ್‌ನ ಪ್ರತಿ ಕೊಡುವ ಸೇವೆ ಸಿಕ್ಕರೆ ಆ ಮಾತು ಬೇರೆ.

ಕಾಯುವ ಲೆಕ್ಕ ನಮ್ಮ ಅಂದಾಜಿನಲ್ಲಿ ಹೀಗೆ. ಮೊದಲ ದಿನ ಹೋಸ್ಟ್, ಹುಡುಕು ಯಂತ್ರ, ಜಾಹೀರಾತು ಜಾಲ ಮೂವರಿಗೂ ಒಟ್ಟಿಗೆ. ಮೂರು ಕೆಲಸದ ದಿನ ಕಳೆದ ಮೇಲೆ ಹೋಸ್ಟ್‌ಗೆ ಅದೇ ಟಿಕೆಟ್ ಸಂಖ್ಯೆಯಲ್ಲಿ ಒಂದು ಜ್ಞಾಪನೆ, ಹೊಸ ಮೇಲ್ ಅಲ್ಲ; ಹೊಸದು ಕಳಿಸಿದರೆ ಸಾಲಿನ ಕೊನೆಗೆ ಹೋಗುತ್ತೀರಿ. ಏಳನೇ ದಿನ ಐಪಿ ಒಡೆಯರಿಗೆ. ಅಷ್ಟರೊಳಗೆ ಐಪಿ ಮತ್ತೊಮ್ಮೆ ನೋಡಿ: ದೂರು ಬಂದದ್ದು ತಿಳಿದು ತಾಣ ಬೇರೆ ಹೋಸ್ಟ್‌ಗೆ ಸ್ಥಳಾಂತರವಾಗಿದ್ದರೆ, ಹಳೆಯ ಹೋಸ್ಟ್‌ಗೆ ಉತ್ತರಿಸಲು ಏನೂ ಉಳಿದಿರುವುದಿಲ್ಲ.